ಕಾಫಿಗೆ ಬಾಗಿಲು ತೆಗೀರಿ, ಮೆಣಸಿಗೆ ಬಾಗಿಲು ಹಾಕಿ: ಒಂದೇ ತೋಟದ ಎರಡು ಬೇಡಿಕೆ

ಸಕಲೇಶಪುರದಿಂದ ಮೂಡಿಗೆರೆ ಕಡೆ ಹೋಗುವ ದಾರಿಯಲ್ಲಿ ಯಾವ ತೋಟದ ಮುಂದೆ ಬೇಕಾದರೂ ಗಾಡಿ ನಿಲ್ಲಿಸಿ ನೋಡಿ. ಮೇಲೆ ಸಿಲ್ವರ್ ಓಕ್ ಮರ. ಅದಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿ. ಬುಡದಲ್ಲಿ ಕಾಫಿ ಗಿಡ. ಮಣ್ಣು ಒಂದೇ, ಗೊಬ್ಬರ ಒಂದೇ, ಪಹಣಿ ಒಂದೇ, ಸಾಲ ಕೊಟ್ಟ ಬ್ಯಾಂಕೂ ಒಂದೇ. ಆದರೆ ಆ ತೋಟದ ಯಜಮಾನರ ಹತ್ತಿರ ಕೂತು ವ್ಯಾಪಾರ ನೀತಿಯ ಬಗ್ಗೆ ಮಾತಾಡಿ. ಕಾಫಿ ವಿಷಯಕ್ಕೆ ಬಂದರೆ "ಮಾರುಕಟ್ಟೆ ಮುಕ್ತವಾಗಿರಬೇಕು, ಸರ್ಕಾರ ಕೈ ಹಾಕಬಾರದು" ಅನ್ನುತ್ತಾರೆ. ಮೆಣಸಿನ ವಿಷಯಕ್ಕೆ ಬಂದರೆ "ಆಮದು ನಿಲ್ಲಿಸಬೇಕು, ಸರ್ಕಾರ ಏನು ಮಾಡ್ತಿದೆ?" ಅನ್ನುತ್ತಾರೆ.

ಹೊರಗಿನವರಿಗೆ ಇದು ಎರಡು ನಾಲಿಗೆ ಅನ್ನಿಸಬಹುದು. ನಾನೂ ಆರು ಎಕರೆ ತೋಟದ ಮನೆಯಲ್ಲಿ ಬೆಳೆದವನು, ಈ ಎರಡೂ ಮಾತನ್ನು ಒಂದೇ ಜಗಲಿಯ ಮೇಲೆ ನೂರು ಸಲ ಕೇಳಿದ್ದೇನೆ. ನನ್ನ ಪ್ರಕಾರ ಎರಡೂ ಮಾತು ಸರಿ. ತಪ್ಪಿರುವುದು ಪ್ರಶ್ನೆಯಲ್ಲಿ. ಬಾಗಿಲು ತೆಗೆಯಬೇಕೋ ಹಾಕಬೇಕೋ ಅಂತ ಟಿವಿಯಲ್ಲಿ ಕೂತು ವಾದ ಮಾಡುತ್ತಾರಲ್ಲ, ಅದರಿಂದ ಏನೂ ತಿಳಿಯುವುದಿಲ್ಲ. ಬಾಗಿಲ ಹತ್ತಿರ ನಿಂತು ಕಾಗದ ನೋಡುವವರು ಯಾರು? ಬೆಲೆ ಬಿದ್ದಾಗ ಪೆಟ್ಟು ಯಾರಿಗೆ? ಬೆಲೆ ಎದ್ದಾಗ ಹಣ ಯಾರ ಕೈಗೆ? ಬಡ ದೇಶ, ಬೆಳೆಯುತ್ತಿರುವ ದೇಶ ಅಂತ ಏನೇ ಕರೆಯಿರಿ, ಅಂಥ ದೇಶದ ಸಣ್ಣ ಬೆಳೆಗಾರನ ಪಾಡು ತೀರ್ಮಾನ ಆಗುವುದು ಈ ಮೂರರಲ್ಲಿ.

ಮೆಣಸಿನಿಂದ ಶುರು ಮಾಡೋಣ, ಅದರ ಲೆಕ್ಕ ಸರಿಯಾಗಿ ಗೊತ್ತಾದರೆ ಬಾಕಿದ್ದು ಸುಲಭ.

2015–16ರ ಸುಮಾರಿಗೆ ಕಾಳುಮೆಣಸಿಗೆ ಕೆಜಿಗೆ 700 ರೂಪಾಯಿ ಆಸುಪಾಸು ಇತ್ತು. ನಮ್ಮ ಕಡೆ ಎಷ್ಟೋ ಮನೆಯಲ್ಲಿ ಕಾಫಿ ಹಣ ತೋಟದ ಖರ್ಚಿಗೆ ಹೋಗಿ, ಮಕ್ಕಳ ಫೀಸು, ಮನೆಯ ಮದುವೆ ನಡೆದದ್ದು ಮೆಣಸಿನ ಹಣದಲ್ಲಿ. 2018–19ರ ಹೊತ್ತಿಗೆ ಅದೇ ಮೆಣಸು 350ರ ಹತ್ತಿರ ಬಂದು ನಿಂತಿತು. ಎರಡು ಮೂರು ವರ್ಷದಲ್ಲಿ ಅರ್ಧಕ್ಕೆ ಅರ್ಧ. ಇದಕ್ಕೆ ದೊಡ್ಡ ಕಾರಣ ವಿಯೆಟ್ನಾಂ. ಒಂದು ಕಾಲಕ್ಕೆ ಮೆಣಸು ಅಂದರೆ ಜಗತ್ತಿಗೆ ಮಲಬಾರ್, ನಾವೇ ರಾಜರು. ವಿಯೆಟ್ನಾಂ 1990ರ ದಶಕದಲ್ಲಿ ದೊಡ್ಡದಾಗಿ ಹಾಕಲು ಶುರು ಮಾಡಿತು. ಈಗ ಜಗತ್ತಿನ ಮೆಣಸಿನಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಅಲ್ಲಿಯದೇ. ಅವರು ಅತಿಯಾಗಿ ಬೆಳೆದಾಗ ಎಲ್ಲ ಕಡೆ ಬೆಲೆ ಬೀಳುತ್ತದೆ.

ಆದರೆ ವಿಯೆಟ್ನಾಂ ಮೆಣಸು ನಮ್ಮ ದೇಶಕ್ಕೆ ನೇರವಾಗಿ ಬಂದರೆ ಸುಂಕ ಇದೆ. ವಿಯೆಟ್ನಾಂ ಸೇರಿದ ಆಗ್ನೇಯ ಏಷ್ಯಾದ ಆಸಿಯಾನ್ ಕೂಟದ ದೇಶಗಳ ಜೊತೆ ಭಾರತ 2009ರಲ್ಲಿ ಸರಕು ವ್ಯಾಪಾರದ ಒಪ್ಪಂದ ಮಾಡಿಕೊಂಡಿತು, 2010ರ ಜನವರಿಯಿಂದ ಅದು ಜಾರಿಗೆ ಬಂತು. ಅದರಲ್ಲಿ ಕಾಫಿ, ಕಪ್ಪು ಚಹಾ, ಮೆಣಸು, ತಾಳೆ ಎಣ್ಣೆಯನ್ನು ವಿಶೇಷ ಸರಕು ಅಂತ ಬೇರೆ ಇಟ್ಟರು. ಇವುಗಳ ಸುಂಕವನ್ನು ಒಂದೇ ಸಲ ಇಳಿಸುವುದಿಲ್ಲ, 2019ರ ಕೊನೆಯವರೆಗೆ ನಿಧಾನಕ್ಕೆ ಇಳಿಸುತ್ತೇವೆ ಅಂದರು. ಮೆಣಸು ಶೇ. 70ರಿಂದ ಶೇ. 50ಕ್ಕೆ, ಕಾಫಿ ಶೇ. 100ರಿಂದ ಶೇ. 45ಕ್ಕೆ. ಅಂದರೆ ಎಲ್ಲ ಇಳಿದ ಮೇಲೂ ಮೆಣಸಿಗೆ ಅರ್ಧದಷ್ಟು ಸುಂಕದ ಬೇಲಿ ಉಳಿಯಿತು. ಕೇಳಲು ಭದ್ರವಾಗೇ ಇದೆ.

ಈಗ ಶ್ರೀಲಂಕಾ ಕಡೆ ನೋಡಿ. ಅವರ ಜೊತೆ ನಮ್ಮ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿದ್ದದ್ದು 1998ರ ಡಿಸೆಂಬರ್‌ನಲ್ಲಿ, ಜಾರಿಗೆ ಬಂದದ್ದು 2000ದಲ್ಲಿ. ಆ ಒಪ್ಪಂದದಲ್ಲಿ ವರ್ಷಕ್ಕೆ 2,500 ಟನ್ ಮೆಣಸು ಸುಂಕವೇ ಇಲ್ಲದೆ ಬರಬಹುದು. ಅದಕ್ಕಿಂತ ಜಾಸ್ತಿ ಬಂದರೆ ದಕ್ಷಿಣ ಏಷ್ಯಾದ ಸಾಫ್ಟಾ ಒಪ್ಪಂದದಡಿ ಶೇ. 8 ಸುಂಕ ಕಟ್ಟಿದರೆ ಸಾಕು. ಒಂದು ದಾರಿಯಲ್ಲಿ ಶೇ. 50, ಪಕ್ಕದ ದಾರಿಯಲ್ಲಿ ಶೇ. 8. ಎರಡೂ ದಾರಿ ಬಂದು ಸೇರುವುದು ಒಂದೇ ಬಂದರಿಗೆ.

ಲೆಕ್ಕಕ್ಕೆ ಅಂತ ವಿಯೆಟ್ನಾಂ ಮೆಣಸು ಕೆಜಿಗೆ 250 ರೂಪಾಯಿಗೆ ಸಿಗುತ್ತದೆ ಅಂತ ಇಟ್ಟುಕೊಳ್ಳಿ. ನೇರವಾಗಿ ತಂದರೆ ಸುಂಕ ಸೇರಿ 375. ಅದನ್ನೇ ಕೊಲಂಬೊದಲ್ಲಿ ಇಳಿಸಿ, ಚೀಲ ಬದಲಾಯಿಸಿ, ಶ್ರೀಲಂಕಾದ ಬೆಳೆ ಅಂತ ಕಾಗದ ಮಾಡಿಸಿ ತಂದರೆ 270. ಕೆಜಿಗೆ 105 ರೂಪಾಯಿ ಉಳಿತಾಯ. ಹತ್ತು ಟನ್ ತಂದರೆ ಹತ್ತು ಲಕ್ಷಕ್ಕೂ ಮೇಲೆ. ಇಷ್ಟು ಹಣ ಎರಡು ದಾರಿಗಳ ನಡುವೆ ಬಿದ್ದಿರುವಾಗ ಯಾರಾದರೂ ಎತ್ತಿಕೊಳ್ಳದೆ ಬಿಡುತ್ತಾರಾ?

ಒಪ್ಪಂದದಲ್ಲಿ ಇದಕ್ಕೆ ತಡೆ ಇಲ್ಲ ಅಂತಲ್ಲ. ಸರಕು ನಿಜವಾಗಿ ಆ ದೇಶದಲ್ಲಿ ಹುಟ್ಟಿದ್ದು ಅಂತ ತೋರಿಸುವ ಮೂಲ ಪ್ರಮಾಣಪತ್ರ ಬೇಕು. ಬೆಳೆಯಾದರೆ ಅಲ್ಲೇ ಬೆಳೆದಿರಬೇಕು. ಆದರೆ ಒಣಗಿದ ಕಾಳುಮೆಣಸನ್ನು ಕೈಯಲ್ಲಿ ಹಿಡಿದು ಇದು ಶ್ರೀಲಂಕಾದ ಮಾತಲೆಯದೋ, ವಿಯೆಟ್ನಾಂನ ಗುಡ್ಡದ್ದೋ ಅಂತ ಬಂದರಿನಲ್ಲಿ ನಿಂತು ಹೇಳುವುದು ಕಷ್ಟ. ಕಾಗದ ಸರಿ ಇದ್ದರೆ ಮಾಲು ಒಳಗೆ ಬರುತ್ತದೆ.

ಬೆಳೆಗಾರರ ಸಂಘಟನೆಗಳು ಗಲಾಟೆ ಮಾಡಿದ ಮೇಲೆ ಕೇಂದ್ರ ಸರ್ಕಾರ 2017ರ ಡಿಸೆಂಬರ್‌ನಲ್ಲಿ ಕನಿಷ್ಠ ಆಮದು ಬೆಲೆ ನಿಗದಿ ಮಾಡಿತು. ಕೆಜಿಗೆ 500 ರೂಪಾಯಿ. ಅದಕ್ಕಿಂತ ಕಡಿಮೆ ಬೆಲೆಯ ಮೆಣಸು ದೇಶದೊಳಗೆ ಬರುವಂತಿಲ್ಲ. ಆ ದಿನ ನಮ್ಮ ಊರಿನಲ್ಲಿ ಸಮಾಧಾನದ ಉಸಿರು ಬಿಟ್ಟವರನ್ನು ನಾನು ನೋಡಿದ್ದೇನೆ. ಇನ್ನು ಬೆಲೆ 500ಕ್ಕೆ ಹೋಗುತ್ತದೆ ಅಂತ ಎಷ್ಟೋ ಜನ ಚೀಲ ಕಟ್ಟಿ ಅಟ್ಟದ ಮೇಲೆ ಇಟ್ಟರು. ಹೋಗಲಿಲ್ಲ.

ಯಾಕೆ ಅಂತ ಅದೇ ಲೆಕ್ಕದಲ್ಲಿ ನೋಡಿ. ವಿಯೆಟ್ನಾಂನಿಂದ ನೇರ ತಂದು ಬಿಲ್ಲಿನಲ್ಲಿ 500 ಅಂತ ತೋರಿಸಿದರೆ ಸುಂಕವೇ 250 ಆಗುತ್ತದೆ. 250ರ ಮಾಲಿಗೆ 250 ಸುಂಕ ಸೇರಿ 500 ಬೀಳುತ್ತದೆ, ಆ ದಾರಿ ನಿಜಕ್ಕೂ ಮುಚ್ಚಿಹೋಯಿತು. ಆದರೆ ಶ್ರೀಲಂಕಾ ದಾರಿಯಲ್ಲಿ 500 ಅಂತ ತೋರಿಸಿದರೆ ಶೇ. 8ರಂತೆ ಸುಂಕ ಬರೀ 40 ರೂಪಾಯಿ. 250ರ ಮಾಲು 290ಕ್ಕೆ ಕೈಗೆ ಬಂತು. ಇಲ್ಲಿನ ಬೆಲೆ 350 ಇದ್ದರೂ ಲಾಭವೇ. ಬಿಲ್ಲಿನಲ್ಲಿ ಜಾಸ್ತಿ ತೋರಿಸಿದ 250 ಹೊರಗೆ ಹೋಗಿ ಬೇರೆ ದಾರಿಯಲ್ಲಿ ವಾಪಸ್ ಬರುತ್ತದೆ ಅನ್ನುವುದು ಬೆಳೆಗಾರರ ಸಂಘಟನೆಗಳ ಬಹಳ ಹಿಂದಿನ ದೂರು. ಅದರ ಮೇಲೆ ಇನ್ನೊಂದು ಕಿಂಡಿ ಇದೆ. ಮೆಣಸಿನಿಂದ ಎಣ್ಣೆ, ಸತ್ವ ತೆಗೆದು ಹೊರದೇಶಕ್ಕೆ ಕಳಿಸುವ ಕಾರ್ಖಾನೆಗಳು ರಫ್ತಿನ ಲೆಕ್ಕಕ್ಕೆ ಸುಂಕವಿಲ್ಲದೆ ಮೆಣಸು ತರಿಸಿಕೊಳ್ಳಬಹುದು. ಅದು ನ್ಯಾಯವಾದ ಸೌಲಭ್ಯವೇ, ಅಲ್ಲಿ ಕೆಲಸ ಮಾಡುವವರೂ ನಮ್ಮವರೇ. ಆದರೆ ಹೀಗೆ ಬಂದ ಮಾಲು ಅಷ್ಟೂ ರಫ್ತಾಯಿತಾ, ಒಳಗಿನ ಪೇಟೆಗೆ ಸೋರಿತಾ ಅಂತ ಚೀಲದ ಲೆಕ್ಕ ಹಿಡಿಯುವವರು ಬೇಕು.

ನನ್ನ ಮಟ್ಟಿಗೆ ಇಲ್ಲಿನ ಪಾಠ ದೊಡ್ಡದು. ಬೇಲಿ ಎಷ್ಟು ಎತ್ತರ ಅನ್ನುವುದಕ್ಕಿಂತ ಪಕ್ಕಪಕ್ಕದ ಎರಡು ಬೇಲಿಗಳ ಎತ್ತರದಲ್ಲಿ ಎಷ್ಟು ವ್ಯತ್ಯಾಸ ಅನ್ನುವುದು ಮುಖ್ಯ. ದನ ಯಾವಾಗಲೂ ಬೇಲಿ ತಗ್ಗಿರುವ ಕಡೆಯಿಂದಲೇ ನುಗ್ಗುತ್ತದೆ. ಮನೆಯಲ್ಲಿ ದನ ಕಟ್ಟಿದವರಿಗೆಲ್ಲ ಇದು ಗೊತ್ತು.

ಒಂದು ಒಳ್ಳೆಯ ಕೆಲಸ ಆಯಿತು, ಅದನ್ನೂ ಹೇಳಬೇಕು. 2020ರ ಸೆಪ್ಟೆಂಬರ್‌ನಿಂದ ಕಸ್ಟಮ್ಸ್‌ನವರು ಮೂಲ ಪ್ರಮಾಣದ ಬಗ್ಗೆ ಹೊಸ ನಿಯಮ ತಂದರು. ಮೊದಲು ಪ್ರಮಾಣಪತ್ರ ತೋರಿಸಿದರೆ ಮುಗೀತು ಅನ್ನುವ ಹಾಗಿತ್ತು. ಈಗ ಸರಕು ಅಲ್ಲಿಯದೇ ಅಂತ ತೋರಿಸುವ ವಿವರ ಆಮದು ಮಾಡುವವನ ಹತ್ತಿರವೂ ಇರಬೇಕು, ಕೇಳಿದಾಗ ಕೊಡಬೇಕು, ಕೊಡದಿದ್ದರೆ ರಿಯಾಯಿತಿ ಇಲ್ಲ. ನನಗೆ ಕೇಳಿದರೆ ಇಂಥ ಒಂದು ನಿಯಮ ಹತ್ತು ಸಲ ಸುಂಕ ಏರಿಸುವುದಕ್ಕಿಂತ ಜಾಸ್ತಿ ಕೆಲಸ ಮಾಡಬಲ್ಲದು, ಜಾರಿ ಮಾಡುವವರು ಗಟ್ಟಿ ಇದ್ದರೆ.

ಇನ್ನೊಂದು ಮಾತು. ಈ ಜಗಳದಲ್ಲಿ ನಾವು ಶ್ರೀಲಂಕಾದವರನ್ನು ಬೈಯುತ್ತೇವೆ. ಅಲ್ಲಿ ಮಾತಲೆ, ಕ್ಯಾಂಡಿ ಕಡೆ ಮೆಣಸು ಬೆಳೆಯುವವರೂ ನಮ್ಮ ಹಾಗೆ ಸಣ್ಣವರು. ಅವರ ಮೆಣಸು ಖಾರ ಜಾಸ್ತಿ, ಸತ್ವ ತೆಗೆಯುವವರು ಹುಡುಕಿಕೊಂಡು ಹೋಗುತ್ತಾರೆ. ಅವರ ಹೆಸರಿನಲ್ಲಿ ಬೇರೆ ದೇಶದ ಮಾಲು ಬಂದರೆ ಅವರಿಗೆ ಅಂತ ಇಟ್ಟ 2,500 ಟನ್‌ನ ಜಾಗವನ್ನೂ ಬೇರೆಯವರು ತಿಂದ ಹಾಗೆ. ಕಳ್ಳದಾರಿಯಿಂದ ಪೆಟ್ಟು ತಿನ್ನುವುದು ಎರಡೂ ದಡದ ಸಣ್ಣ ಬೆಳೆಗಾರ.

ಈಗ ಮರದ ಬುಡಕ್ಕೆ ಬರೋಣ, ಕಾಫಿಗೆ.

ಕಾಫಿ ವಿಷಯದಲ್ಲಿ ನಮ್ಮವರು ಮುಕ್ತ ಮಾರುಕಟ್ಟೆ ಅಂತ ಯಾಕೆ ಅಷ್ಟು ಗಟ್ಟಿಯಾಗಿ ಹೇಳುತ್ತಾರೆ ಅಂತ ಅರ್ಥ ಆಗಬೇಕಾದರೆ ಪೂಲ್ ಕಾಲ ನೋಡಿದವರನ್ನು ಕೇಳಬೇಕು. 1940ರ ದಶಕದಿಂದ 1990ರ ದಶಕದವರೆಗೆ ಬೆಳೆಗಾರ ತನ್ನ ಕಾಫಿಯನ್ನು ತಾನೇ ಮಾರುವಂತಿರಲಿಲ್ಲ. ಕಾಫಿ ಬೋರ್ಡ್‌ನ ಪೂಲಿಗೆ ಹಾಕಬೇಕು. ಸಿಪ್ಪೆ ತೆಗೆದು ಬೀಜ ಹದ ಮಾಡುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ದರ್ಜೆ ನೋಡಿ ಪಾಯಿಂಟ್ ಹಾಕುತ್ತಾರೆ, ಆಮೇಲೆ ಆ ಪಾಯಿಂಟಿನ ಲೆಕ್ಕಕ್ಕೆ ಕಂತು ಕಂತಾಗಿ ಹಣ ಬರುತ್ತದೆ. ಮೊದಲ ಕಂತು ಕೈಗೆ ಬಂದಾಗ ಕೊನೆಯ ಕಂತು ಎಷ್ಟು, ಯಾವಾಗ ಅಂತ ಯಾರಿಗೂ ಗೊತ್ತಿಲ್ಲ. ನಮ್ಮಪ್ಪ ಒಂದು ವರ್ಷದ ಫಸಲಿನ ಕೊನೆ ಹಣ ತೆಗೆದುಕೊಳ್ಳುವ ಹೊತ್ತಿಗೆ ಅದರ ಮುಂದಿನ ಫಸಲು ಕಣದಲ್ಲಿ ಒಣಗುತ್ತಿತ್ತು. ಮನೆಗೆ ಕುಡಿಯಲು ಇಟ್ಟುಕೊಳ್ಳುವ ಕಾಫಿಗೂ ಲೆಕ್ಕ ಇತ್ತು. ಹೊಸ ಕಾಲದ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ.

ಆದರೆ ಪೂಲ್ ಸುಮ್ನೆ ಹುಟ್ಟಿದ್ದಲ್ಲ. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಪೇಟೆ ಮುಚ್ಚಿ ಕಾಫಿ ಕೊಳ್ಳುವವರೇ ಇಲ್ಲದಾಗ ಬೆಳೆಗಾರರನ್ನು ಉಳಿಸಲು ಬಂದ ವ್ಯವಸ್ಥೆ ಅದು. ಆಮೇಲೂ ಎರಡು ಆಸರೆ ಇದ್ದವು. ಒಂದು, 1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದ. ಯಾವ ದೇಶ ಎಷ್ಟು ರಫ್ತು ಮಾಡಬೇಕು ಅಂತ ಅದರಲ್ಲಿ ಕೋಟಾ ಇತ್ತು, ಬೆಲೆ ತೀರಾ ಕೆಳಗೆ ಬೀಳುತ್ತಿರಲಿಲ್ಲ. ಎರಡು, ಸೋವಿಯತ್ ಒಕ್ಕೂಟ. ಅವರು ರೂಪಾಯಿಯಲ್ಲಿ ಕೊಳ್ಳುತ್ತಿದ್ದರು, ಗುಣಮಟ್ಟದ ಬಗ್ಗೆ ತಕರಾರು ಕಡಿಮೆ. 1989ರ ಜುಲೈನಲ್ಲಿ ಕೋಟಾ ನಿಂತಿತು. 1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಎರಡು ಕಂಬ ಬಿದ್ದ ಮೇಲೆ ಚಾವಣಿ ಎಷ್ಟು ದಿನ ನಿಲ್ಲುತ್ತದೆ? 1992ರಿಂದ ಹಂತಹಂತವಾಗಿ ಬೆಳೆಗಾರರಿಗೆ ಸ್ವಂತ ಮಾರಾಟಕ್ಕೆ ಬಿಟ್ಟು, 1996ರ ಹೊತ್ತಿಗೆ ಪೂರ್ತಿ ಬಿಟ್ಟರು.

ಬಾಗಿಲು ತೆಗೆದ ಸಮಯವೂ ಚೆನ್ನಾಗಿತ್ತು. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಗಿಡ ಸುಟ್ಟುಹೋದವು, ಜಗತ್ತಿನ ಬೆಲೆ ಹಾರಿತು, ಆ ಹಣ ಮೊದಲ ಸಲ ನೇರವಾಗಿ ನಮ್ಮ ಕಣಕ್ಕೆ ಬಂತು. ಮಲೆನಾಡಿನಲ್ಲಿ ಜೀಪು, ಹೊಸ ಮನೆ, ಬೆಂಗಳೂರಿನ ಕಾಲೇಜು ಅಂತ ಕಂಡದ್ದು ಆ ವರ್ಷಗಳಲ್ಲಿ. ಮುಕ್ತ ಮಾರುಕಟ್ಟೆ ಅಂದರೆ ನಮ್ಮ ಹಿರಿಯರ ಕಣ್ಣ ಮುಂದೆ ಬರುವುದು ಆ ಚಿತ್ರ.

ಆಮೇಲಿನ ಚಿತ್ರವೂ ನೆನಪಿರಬೇಕು. 1986ರಲ್ಲಿ ವಿಯೆಟ್ನಾಂ ತನ್ನ ಆರ್ಥಿಕ ನೀತಿ ಬದಲಾಯಿಸಿತು. ಕುಟುಂಬಗಳಿಗೆ ಭೂಮಿಯ ಹಕ್ಕು, ಸಾಲ, ರಸ್ತೆ, ನೀರಾವರಿ ಎಲ್ಲ ಒಟ್ಟಿಗೆ ಕೊಟ್ಟು ಮಧ್ಯದ ಎತ್ತರದ ನಾಡಿನಲ್ಲಿ ರೊಬಸ್ಟಾ ತಳಿಯ ಕಾಫಿ ಹಾಕಿಸಿತು. 2000ದ ಹೊತ್ತಿಗೆ ಸುಮಾರು 9 ಲಕ್ಷ ಟನ್ ಬೆಳೆದು ಬ್ರೆಜಿಲ್‌ನ ನಂತರದ ಸ್ಥಾನಕ್ಕೆ ಬಂತು. ನಾವು ನೂರಾರು ವರ್ಷ ಬೆಳೆದೂ ಇವತ್ತಿಗೆ ಮೂರೂವರೆ ಲಕ್ಷ ಟನ್‌ನ ಆಸುಪಾಸಿನಲ್ಲಿದ್ದೇವೆ. ಅವರ ಫಸಲು ಪೇಟೆಗೆ ಬಂದ ರಭಸಕ್ಕೆ 2001ರಲ್ಲಿ ಜಗತ್ತಿನ ಕಾಫಿ ಬೆಲೆ ಪೌಂಡಿಗೆ 45 ಸೆಂಟ್‌ವರೆಗೆ ಬಿತ್ತು. ಪೌಂಡು ಅಂದರೆ ಅರ್ಧ ಕೆಜಿಗೂ ಕಡಿಮೆ, ಆದರೂ ಆ ಬೆಲೆಗೆ ಕೊಯ್ಲಿನ ಕೂಲಿಯೂ ಹುಟ್ಟುತ್ತಿರಲಿಲ್ಲ. ನಮ್ಮ ಕಡೆ ಹಣ್ಣು ಗಿಡದಲ್ಲೇ ಒಣಗಿದ್ದನ್ನು ನೋಡಿದ್ದೇನೆ. ಆಳುಗಳ ಲೈನ್ ಮನೆಗಳು ಖಾಲಿಯಾದವು. ಆಗ ಮಾಡಿದ ಸಾಲ ತೀರದೆ ಬಡ್ಡಿ ಬೆಳೆದು, ಕೇಂದ್ರ ಸರ್ಕಾರ 2010ರಲ್ಲಿ ಕಾಫಿ ಸಾಲ ಪರಿಹಾರದ ಪ್ಯಾಕೇಜ್ ತರಬೇಕಾಯಿತು. ತೋಟ ಹರಾಜಿಗೆ ಬರುವ ಭಯ ಎಷ್ಟೋ ಮನೆಯಲ್ಲಿ ಇವತ್ತಿಗೂ ಹೋಗಿಲ್ಲ.

ಮತ್ತೆ ಚಕ್ರ ತಿರುಗಿತು. ಬ್ರೆಜಿಲ್, ವಿಯೆಟ್ನಾಂ ಎರಡೂ ಕಡೆ ಬರ ಬಂದು 2024ರಿಂದ ಬೆಲೆ ಏರಿತು. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿತು, ಲಂಡನ್‌ನಲ್ಲಿ ರೊಬಸ್ಟಾ ಟನ್ನಿಗೆ 5,000 ಡಾಲರ್ ದಾಟಿತು. ಬಾಳ್ಳುಪೇಟೆಯಲ್ಲಿ ಕಾಫಿ ಕೊಳ್ಳುವವರು ಚೆರ್ರಿ (ಹಣ್ಣು ಹಾಗೇ ಒಣಗಿಸಿದ ಕಾಫಿ) ಚೀಲದ ಓಟಿ (ಚೀಲಕ್ಕೆ ಎಷ್ಟು ಬೀಜ ಸಿಗುತ್ತದೆ ಅನ್ನುವ ಲೆಕ್ಕ) ನೋಡುವುದಕ್ಕೆ ಮೊದಲು ಮೊಬೈಲ್‌ನಲ್ಲಿ ಲಂಡನ್ ಟರ್ಮಿನಲ್ (ಅಲ್ಲಿನ ಮುಂಗಡ ವ್ಯಾಪಾರದ ಬೆಲೆ) ನೋಡುತ್ತಾರೆ. ಪಕ್ಕದ ತೋಟದ ಅಣ್ಣ ಬೆಳಿಗ್ಗೆ ಎದ್ದ ತಕ್ಷಣ ಫೋನ್ ಮಾಡಿ "ಲಂಡನ್ ಎಷ್ಟಾಯ್ತು ಮಾರಾಯ?" ಅಂತ ಕೇಳುತ್ತಿದ್ದ ದಿನಗಳು ಅವು. ಮಳೆ ಎಷ್ಟಾಯ್ತು ಅಂತ ಕೇಳುವ ಹಾಗೇ.

ಇಲ್ಲಿ ಘಾನಾ ದೇಶದ ಕೋಕೋ ಕಥೆ ಹೇಳಲೇಬೇಕು. ಓದಿದಾಗ ನನಗೆ ನಮ್ಮಪ್ಪನ ಪಾಯಿಂಟ್ ಹಣ ನೆನಪಾಯಿತು. ಘಾನಾದಲ್ಲಿ ಕೋಕೋ ಬೆಳೆಗಾರ ಇವತ್ತಿಗೂ ಸರ್ಕಾರದ ಕೋಕೋಬಾಡ್ ನಿಗದಿ ಮಾಡಿದ ಬೆಲೆಗೇ ಕೊಡಬೇಕು. ಆ ಮಂಡಳಿ ಫಸಲನ್ನು ಮುಂಗಡವಾಗಿ ಮಾರಿ, ಸರಾಸರಿ ನೋಡಿ ಬೆಲೆ ಹಾಕುತ್ತದೆ. ಬೆಲೆ ಬಿದ್ದ ವರ್ಷ ಅದು ಆಸರೆ. 2024ರಲ್ಲಿ ಏನಾಯಿತು ನೋಡಿ. ವರ್ಷದ ಕೊನೆಗೆ ನ್ಯೂಯಾರ್ಕ್‌ನಲ್ಲಿ ಕೋಕೋ ಟನ್ನಿಗೆ 12,000 ಡಾಲರ್ ದಾಟಿತು. ಆ ಹಂಗಾಮಿನ ಶುರುವಿಗೆ ಘಾನಾದ ರೈತನಿಗೆ ನಿಗದಿಯಾಗಿದ್ದು ಟನ್ನಿಗೆ 48,000 ಸೆಡಿ, ಅಂದರೆ ಸುಮಾರು 3,000 ಡಾಲರ್. ಗಡಿ ಹತ್ತಿರದವರು ರಾತ್ರೋರಾತ್ರಿ ಪಕ್ಕದ ದೇಶಕ್ಕೆ ಸಾಗಿಸಿದರು. ಕೆಲವರು ಮರ ಕಡಿದು ಭೂಮಿಯನ್ನು ಚಿನ್ನ ಅಗೆಯುವವರಿಗೆ ಕೊಟ್ಟರು. ಅದೇ ವರ್ಷ ನಮ್ಮ ರೊಬಸ್ಟಾ ಬೆಳೆಗಾರನಿಗೆ ಲಂಡನ್ ಏರಿದ ವಾರವೇ ಇಲ್ಲಿ ಏರಿದ ಬೆಲೆ ಸಿಕ್ಕಿತು. 1996ರ ತೀರ್ಮಾನ ಸರಿ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಆದರೆ ಬೆಲೆ ಬಿದ್ದಾಗ? ಆಗ ನಮಗೆ ಪೂಲೂ ಇಲ್ಲ, ಬೇರೆ ಆಸರೆಯೂ ಇಲ್ಲ. ಏರಿದಾಗ ಹಣ ಬೆಳೆಗಾರನಿಗೆ, ಸರಿ. ಬಿದ್ದಾಗ ಪೆಟ್ಟೂ ಪೂರ್ತಿ ಅವನಿಗೇ. ನಡುವೆ ಇರುವವರು ತಮ್ಮ ಮಾಲಿಗೆ ಲಂಡನ್‌ನಲ್ಲಿ ಮುಂಗಡ ವ್ಯಾಪಾರದ ರಕ್ಷಣೆ ತೆಗೆದುಕೊಳ್ಳುತ್ತಾರೆ, ಅಂದರೆ ಬೆಲೆಯನ್ನು ಮೊದಲೇ ಗಟ್ಟಿ ಮಾಡಿಕೊಳ್ಳುತ್ತಾರೆ. ಅಲ್ಲಿ ರೊಬಸ್ಟಾದ ಒಂದು ಲಾಟು ಅಂದರೆ ಹತ್ತು ಟನ್. ನಾಲ್ಕು ಎಕರೆಯವನಿಗೆ ಹತ್ತು ಟನ್ ಎಲ್ಲಿಂದ ಬರಬೇಕು? ಹತ್ತಿಪ್ಪತ್ತು ಜನ ಸೇರಿ ಸಂಘದ ಮೂಲಕ ಮಾಡಬಹುದು, ಒಳ್ಳೆ ಬೆಲೆ ಇದ್ದ ವರ್ಷಗಳಲ್ಲಿ ಕೂತು ಇದನ್ನು ಕಟ್ಟಬೇಕಿತ್ತು. ಬೆಲೆ ಚೆನ್ನಾಗಿದ್ದಾಗ ನಾವು ಯಾರೂ ಸಂಘದ ಮೀಟಿಂಗಿಗೆ ಹೋಗುವುದಿಲ್ಲ, ಇದು ನಮ್ಮದೇ ತಪ್ಪು.

ವಿದೇಶಿ ಹಣದ ಬಗ್ಗೆಯೂ ಒಂದೆರಡು ಮಾತು. 2015ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಾಫಿ, ರಬ್ಬರ್, ಏಲಕ್ಕಿ ತೋಟಗಳಿಗೆ ಶೇ. 100 ವಿದೇಶಿ ನೇರ ಹೂಡಿಕೆಗೆ ಒಪ್ಪಿಗೆ ಕೊಟ್ಟಿತು. ಚಹಾ ತೋಟಕ್ಕೆ ಮೊದಲೇ ಇತ್ತು. ಆಗ ಚಿಕ್ಕಮಗಳೂರಿನಲ್ಲಿ ದೊಡ್ಡ ಭಯ ಹಬ್ಬಿತು. ಬ್ರಿಟಿಷರು ಹೋದರು, ಇನ್ನು ಡಾಲರ್‌ನವರು ಬಂದು ತೋಟ ಕೊಳ್ಳುತ್ತಾರೆ ಅಂತ. ಇಷ್ಟು ವರ್ಷದಲ್ಲಿ ನಮ್ಮ ಸುತ್ತಮುತ್ತ ಹಾಗೆ ಬಂದು ತೋಟ ಕೊಂಡವರನ್ನು ನಾನಂತೂ ನೋಡಿಲ್ಲ. ಯಾಕೆ ಬರಬೇಕು ಹೇಳಿ? ಗಿಡ ನೆಟ್ಟು ಮೂರು ನಾಲ್ಕು ವರ್ಷ ಕಾಯಬೇಕು. ಹೂಮಳೆ ಸರಿಯಾಗಿ ಬೀಳಬೇಕು. ಅರೇಬಿಕಾಗೆ ಬಿಳಿ ಕಾಂಡ ಕೊರಕ, ಆಲೂರು ಸಕಲೇಶಪುರ ಕಡೆ ಆನೆ, ಎಲ್ಲ ಕಡೆ ಆಳಿನ ತೊಂದರೆ. ತೋಟಗಳೋ ತುಂಡು ತುಂಡು, ಹಿಡುವಳಿಯಲ್ಲಿ ಶೇ. 98ಕ್ಕೂ ಮೇಲೆ ಹತ್ತು ಹೆಕ್ಟೇರ್ ಒಳಗಿನವು. ದೊಡ್ಡ ಹಣಕ್ಕೆ ಬೇಕಾದದ್ದು ಭೂಮಿಯಿಂದ ಮೇಲಿನ ಕೆಲಸ. ಕೊಳ್ಳುವುದು, ಸಂಸ್ಕರಿಸುವುದು, ಪುಡಿ ಮಾಡುವುದು, ಬ್ರ್ಯಾಂಡ್ ಹಾಕಿ ಮಾರುವುದು. ವಿಯೆಟ್ನಾಂನಲ್ಲೂ ವಿದೇಶಿ ಕಂಪನಿಗಳು ಹೋಗಿದ್ದು ಕಾಫಿ ಕೊಳ್ಳಲು ಮತ್ತು ಕಾರ್ಖಾನೆ ಹಾಕಲು, ಗಿಡಕ್ಕೆ ನೀರು ಹಾಯಿಸಲು ಅಲ್ಲ. ಹವಾಮಾನದ ಅಪಾಯ ಇರುವ ಜಾಗ ರೈತನಿಗೆ, ಲಾಭ ಗಟ್ಟಿ ಇರುವ ಜಾಗ ಬಂಡವಾಳಕ್ಕೆ. ವಿದೇಶಿ ಹೂಡಿಕೆ ಬಂತು ಅಂತ ಸುದ್ದಿ ಓದಿದಾಗ ನಾನು ಮೊದಲು ಹುಡುಕುವುದು ಅದು ಸರಪಳಿಯ ಯಾವ ಕೊಂಡಿಗೆ ಬಂತು ಅಂತ.

ಹಾಗಾದರೆ ನಾವೇ ಪುಡಿ ಮಾಡಿ ಕಳಿಸಿದರಾಯಿತಲ್ಲ ಅಂತ ಕೇಳುತ್ತಾರೆ. ಯುರೋಪಿನ ಸುಂಕದ ಪಟ್ಟಿ ನೋಡಿ. ಹಸಿರು ಕಾಫಿ ಬೀಜಕ್ಕೆ ಸುಂಕ ಸೊನ್ನೆ. ಹುರಿದು ಕಳಿಸಿದರೆ ಸಾಮಾನ್ಯ ದರ ಶೇ. 7.5. ಇನ್‌ಸ್ಟಂಟ್ ಮಾಡಿ ಕಳಿಸಿದರೆ ಶೇ. 9. ಬೆಳೆಯುತ್ತಿರುವ ದೇಶಗಳಿಗೆ ರಿಯಾಯಿತಿ ಇದೆ, ಒಪ್ಪಂದಗಳಿಂದ ಕಡಿಮೆಯೂ ಆಗುತ್ತದೆ, ಆದರೆ ಪಟ್ಟಿಯ ಸ್ವಭಾವ ಹಾಗೆ. ಕೆಲಸ ಜಾಸ್ತಿ ಮಾಡಿದಷ್ಟೂ ಸುಂಕ ಜಾಸ್ತಿ. ಒಂದೂ ಕಾಫಿ ಗಿಡ ಇಲ್ಲದ ಜರ್ಮನಿ ಕಾಫಿಯನ್ನು ಹೊರದೇಶಕ್ಕೆ ಮಾರುವ ದೊಡ್ಡ ದೇಶಗಳಲ್ಲಿ ಒಂದಾಗಿರುವುದರ ಹಿಂದೆ ಬಂದರು, ಯಂತ್ರ, ಬ್ರ್ಯಾಂಡ್‌ಗಳ ಜೊತೆ ಈ ಪಟ್ಟಿಯೂ ಇದೆ. ನಮ್ಮ ಇನ್‌ಸ್ಟಂಟ್ ಕಾರ್ಖಾನೆಗಳು ಇದನ್ನು ಒಂದಷ್ಟು ಮೀರಿ ಬೆಳೆದಿವೆ, ಬೇರೆ ದೇಶದ ಅಗ್ಗದ ಬೀಜವನ್ನೂ ತರಿಸಿ ಪುಡಿ ಮಾಡಿ ರಫ್ತು ಮಾಡುತ್ತವೆ. ಮುಂದಿನ ಯಾವ ಒಪ್ಪಂದಕ್ಕೆ ನಮ್ಮವರು ಕೂತರೂ ಬೀಜದ ಸುಂಕದ ಬದಲು ಪುಡಿಯ ಸುಂಕದ ಬಗ್ಗೆ ಹಟ ಹಿಡಿಯಬೇಕು.

ಹಾಲಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಹಾಸನದವನಾಗಿ ಬಿಡುವುದಕ್ಕೆ ಆಗುವುದಿಲ್ಲ. 2019ರ ನವೆಂಬರ್ 4ರಂದು ಭಾರತ ಏಷ್ಯಾ-ಪೆಸಿಫಿಕ್ ದೇಶಗಳ ಆರ್‌ಸಿಇಪಿ ವ್ಯಾಪಾರ ಒಪ್ಪಂದದ ಮಾತುಕತೆಯಿಂದ ಹೊರಗೆ ಬಂತು. ನ್ಯೂಜಿಲೆಂಡ್‌ನ ಹಾಲಿನ ಪುಡಿ ಬರುತ್ತದೆ ಅನ್ನುವ ಭಯ ಅದರ ಕಾರಣಗಳಲ್ಲಿ ಒಂದು. ಬೆಳಿಗ್ಗೆ ಸಂಜೆ ಡೈರಿಗೆ ಕ್ಯಾನು ಹಿಡಿದುಕೊಂಡು ಹೋಗುವ ಎರಡು ಹಸುವಿನ ಮನೆಗೂ ನೂರಾರು ಹಸುವಿನ ಫಾರಂಗೂ ಸ್ಪರ್ಧೆ ಹಚ್ಚುವುದು ನ್ಯಾಯ ಅಲ್ಲ, ಆ ಬಾಗಿಲು ಹಾಕಿದ್ದು ಸರಿ ಅನ್ನುವವನು ನಾನು. ಹಾಲು ದಿನಾ ಬರುವ ಹಣ. ಬೆಲೆ ಬಿದ್ದರೆ ಮುಂದಿನ ವರ್ಷ ನೋಡೋಣ ಅನ್ನುವ ಹಾಗಿಲ್ಲ, ಆ ವಾರದ ಸಾಮಾನು ನಿಲ್ಲುತ್ತದೆ.

ಈಗ ಕಾಫಿಯ ಬಾಗಿಲಿಗೆ ಹೊಸ ಚಿಲಕ ಬರುತ್ತಿದೆ. ಈ ಸಲ ಚಿಲಕ ಹಾಕುತ್ತಿರುವವರು ಕೊಳ್ಳುವ ದೇಶದವರು. ಕಾಡು ಕಡಿದ ಜಾಗದಲ್ಲಿ ಬೆಳೆದ ಸರಕು ನಮಗೆ ಬೇಡ ಅಂತ ಯುರೋಪಿನ ಒಕ್ಕೂಟ 2023ರಲ್ಲಿ ಕಾಯಿದೆ ಮಾಡಿತು. ಕಾಫಿಯೂ ಅದರಲ್ಲಿ ಇದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ್ದಾಗಿರಬಾರದು. ಯಾವ ತುಂಡು ಭೂಮಿಯಲ್ಲಿ ಬೆಳೆದದ್ದು ಅಂತ ಅಕ್ಷಾಂಶ ರೇಖಾಂಶದ ಸಮೇತ ತೋರಿಸಬೇಕು. ನಾಲ್ಕು ಹೆಕ್ಟೇರ್‌ಗಿಂತ ದೊಡ್ಡ ತೋಟಕ್ಕೆ ಸುತ್ತಳತೆಯ ನಕ್ಷೆಯೇ ಬೇಕು. ಜಾರಿ ದಿನ ಎರಡು ಸಲ ಮುಂದಕ್ಕೆ ಹೋಗಿದೆ, ಈಗ ದೊಡ್ಡ ಕಂಪನಿಗಳಿಗೆ 2026ರ ಡಿಸೆಂಬರ್ 30, ತೀರಾ ಸಣ್ಣವಕ್ಕೆ 2027ರ ಜೂನ್ 30. ಇಟಲಿ, ಜರ್ಮನಿ, ಬೆಲ್ಜಿಯಂ ನಮ್ಮ ದೊಡ್ಡ ಗಿರಾಕಿಗಳು. ದೇಶದ ಕಾಫಿಯಲ್ಲಿ ಸುಮಾರು ಶೇ. 70 ಹೊರಗೆ ಹೋಗುತ್ತದೆ. ತಪ್ಪಿಸಿಕೊಳ್ಳಲು ಆಗದ ವಿಷಯ ಇದು.

ಕಾಯಿದೆಯ ಉದ್ದೇಶವನ್ನು ನಾನು ಬೈಯುವುದಿಲ್ಲ. ಮರದ ನೆರಳಿನಲ್ಲಿ ಕಾಫಿ ಬೆಳೆಯುವ ನಮಗೆ ಬ್ರೆಜಿಲ್‌ನ ಬಯಲು ತೋಟಗಳ ಎದುರು ಇದು ಅನುಕೂಲವೇ ಆಗಬಹುದು. 2025ರ ಮೇ ತಿಂಗಳಲ್ಲಿ ಅವರು ಮಾಡಿದ ಪಟ್ಟಿಯಲ್ಲಿ ಭಾರತ ಕಡಿಮೆ ಅಪಾಯದ ದೇಶ ಅಂತ ಬಂದಿದೆ. ಕಾಫಿ ಬೋರ್ಡ್ ಆ್ಯಪ್‌ನಲ್ಲಿ ತೋಟ ನೋಂದಾಯಿಸಿ ಅಂತ ಹೇಳುತ್ತಿದೆ. ತೊಡಕು ಕಾಡಿನದಲ್ಲ, ಕಾಗದದ್ದು. ಬೆಳೆದದ್ದು ಆಯಾ ದೇಶದ ಕಾನೂನಿನ ಪ್ರಕಾರ ಇರಬೇಕು ಅಂತಲೂ ಆ ಕಾಯಿದೆ ಕೇಳುತ್ತದೆ. ನಮ್ಮಲ್ಲಿ ತೋಟದ ಪಕ್ಕದ ಒತ್ತುವರಿ ಎಷ್ಟಿದೆ ಅಂತ ಎಲ್ಲರಿಗೂ ಗೊತ್ತು. ತಾತನ ಹೆಸರಿನಲ್ಲೇ ಉಳಿದ ಪಹಣಿ ಎಷ್ಟು, ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡ ಜಮೀನು ಎಷ್ಟು, ಪೋಡಿ (ಪಾಲು ಅಳೆದು ಬೇರೆ ನಂಬರು ಕೊಡುವುದು) ಆಗದ ಸರ್ವೆ ನಂಬರು ಎಷ್ಟು? ದೊಡ್ಡ ಎಸ್ಟೇಟಿಗೆ ಲೆಕ್ಕ ಬರೆಯುವ ಒಬ್ಬ ರೈಟರ್, ಒಂದು ಆಫೀಸು, ಒಂದು ನಕ್ಷೆ ಇದೆ. ಅವರ ಕಾಫಿ ಸಲೀಸಾಗಿ ಹೋಗುತ್ತದೆ. ಸಣ್ಣವನ ಕಾಫಿಗೆ ಕಾಗದ ಇಲ್ಲ ಅಂತ ಕೊಳ್ಳುವವನು ಚೀಲಕ್ಕೆ ಇಷ್ಟು ಅಂತ ಮುರಿದುಕೊಂಡರೆ ಕೇಳುವವರು ಯಾರು?

ನನ್ನ ಚಿಕ್ಕಪ್ಪನ ಮಗನದು ಮೂರು ಎಕರೆ ಚಿಲ್ಲರೆ, ಆಲ್ದೂರಿನ ಆಚೆ. ಪಹಣಿಯಲ್ಲಿ ನಾಲ್ಕು ಹೆಸರು, ಅದರಲ್ಲಿ ಇಬ್ಬರು ಈಗ ಇಲ್ಲ. ಪೋಡಿಗೆ ಅರ್ಜಿ ಕೊಟ್ಟು ಎರಡು ವರ್ಷವಾಯಿತು. ಮೊನ್ನೆ ಮೊಬೈಲ್ ಹಿಡಿದು ತೋಟದ ಗಡಿ ಸುತ್ತಿ ಬಂದು, "ಅಣ್ಣಾ, ಇದ್ರಲ್ಲಿ ಯಾರ ಹೆಸರು ಹಾಕ್ಲಿ?" ಅಂತ ಕೇಳಿದ. ನನಗೂ ಉತ್ತರ ಗೊತ್ತಿರಲಿಲ್ಲ. ಸೋಮವಾರ ಇಬ್ಬರೂ ಸೇರಿ ಮತ್ತೆ ತಾಲ್ಲೂಕು ಕಚೇರಿಗೆ ಹೋಗುತ್ತಿದ್ದೇವೆ, ಅರೇಬಿಕಾ ಕೊಯ್ಲು ಶುರುವಾಗುವುದರೊಳಗೆ ಸರ್ವೆಯವರು ಒಂದು ಸಲ ಬಂದು ಅಳೆದು ಹೋಗಲಿ ಅಂತ ಕೇಳಲು.